ಸ್ವಂತ ಊರು ಕೇಳಿದ ಮೇಲೆ

ಭಾನುವಾರ, ಇಂಡೂರೂಪಿಲ್ಲಿ ಬಡಾವಣೆ. ಆಸ್ಟ್ರೇಲಿಯಾದ ಬ್ರಿಸ್ಬೇನಿಗೆ ಬಂದ ನಾಲ್ಕನೇ ದಿನ. ಇದುವರೆಗೆ ನನ್ನನ್ನು ಮಾತನಾಡಿಸಿದವರು ಒಬ್ಬರೇ, ಸ್ಟೇಷನ್ ಪಕ್ಕದಲ್ಲಿ ಫಲಾಫೆಲ್ ಎಂಬ ಕಡಲೆ ವಡೆ ಮಾರುವ ಸಿರಿಯಾದ ಅಂಕಲ್. ಇವತ್ತೂ ಕೇಳದೆಯೇ ಒಂದು ಹೆಚ್ಚಿಗೆ ಹಾಕಿದರು. "ತಿನ್ನು ಮೇಟ್, ಗಾಳಿ ಬಂದ್ರೆ ಹಾರ್ಹೋಗ್ತೀಯ!"

ನನಗೂ ಸಲಿಗೆ ಬಂತು. ಮೈಸೂರಿನಲ್ಲಿ ಹೊಸಬರನ್ನು ವಿಚಾರಿಸುವ ಹಾಗೆಯೇ ವಿಚಾರಿಸಿದೆ. "ಅಂಕಲ್, ನಿಮ್ಮ ಪೂರ್ತಿ ಹೆಸರೇನು? ತಂದೆ ಹೆಸರು? ಸ್ವಂತ ಊರು ಯಾವ್ದು?"

ಅವರ ಕೈಯ ಇಕ್ಕಳ ನಿಂತಿತು.

"ನಮ್ಮ ತಾತನ ಕಾಲದಲ್ಲಿ ಸಿರಿಯಾನ ಆಳ್ತಿದ್ದ ಫ್ರೆಂಚ್ ಅಧಿಕಾರಿಗಳು ಇದನ್ನೇ ಕೇಳಿ, ಪಂಗಡಕ್ಕೊಂದು ಸೀಮೆ ಅಂತ ಗೆರೆ ಎಳೆದ್ರು. ಆಮೇಲೆ ಅಂತರ್ಯುದ್ಧದಲ್ಲಿ ಗನ್ ಹಿಡಿದವ್ರು ಬಸ್ ನಿಲ್ಸಿ ಇದನ್ನೇ ಕೇಳಿದ್ರು. ಉತ್ತರದಲ್ಲೇ ಯಾವ ಪಂಗಡ ಅಂತ ತಿಳಿದ್ಹೋಗುತ್ತೆ. ನನ್ನ ತಮ್ಮ ನಿಜ ಹೇಳ್ದ. ಅವನೊಬ್ಬನ್ನೇ ಕೆಳಗಿಳಿಸಿದ್ರು."

ಅವರು ಇಕ್ಕಳ ಪಕ್ಕಕ್ಕಿಟ್ಟು ನನ್ನತ್ತ ನೋಡಿದರು.

"ನಿಮ್ಮೂರಲ್ಲಿ ಯಾಕೆ ಕೇಳ್ತೀರಾ?"

"ಜಾತಿ ಗೊತ್ತಾಗ್ಲಿ ಅಂತ," ಎಂದುಬಿಟ್ಟೆ.

"ಗೊತ್ತಾದ್ಮೇಲೆ?"

ನಾನು ತಲೆ ತಗ್ಗಿಸಿ ಚಿಲ್ಲರೆ ಎಣಿಸತೊಡಗಿದೆ. ಅವರು ದಿನವೂ ಕೈಗೇ ಕೊಡುತ್ತಿದ್ದ ಪೊಟ್ಟಣವನ್ನು ಇವತ್ತು ಕೌಂಟರ್ ಮೇಲೆ ಇಟ್ಟು, ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹುಡುಗಿಯ ಕಡೆ ತಿರುಗಿ ನಕ್ಕರು.