ಮೋಡದ ಮೇಷ್ಟ್ರು
ಪುರಾತತ್ವದ ಮೇಷ್ಟ್ರು ಡಾಕ್ಟರ್ ಫಿಯಾಕ್ರಾ ಟೂಮಿ ಊರಿಗೆ ಬಂದರೆಂದರೆ ಕುರಿ ಸಾಕುವ ನೋನಿ ಬಟ್ಟೆ ಒಗೆಯುವುದನ್ನು ಮುಂದಕ್ಕೆ ಹಾಕುತ್ತಾಳೆ. ಐರ್ಲೆಂಡಿನ ಆ ಮೂಲೆಯಲ್ಲಿ ಮೋಡಕ್ಕೂ ಅವರಿಗೂ ಅಷ್ಟು ನಂಟು. ವರ್ಷದ ಅತಿ ಚಿಕ್ಕ ಹಗಲಿನಂದು, ಸೂರ್ಯ ಹುಟ್ಟುವಾಗ, ಅವಳ ಹುಲ್ಲುಗಾವಲಿನ ಪುರಾತನ ಕಲ್ಲುಗೋರಿಯೊಳಕ್ಕೆ ಬಿಸಿಲು ನುಗ್ಗಿ ಹಿಂದಿನ ಗೋಡೆ ಮುಟ್ಟುತ್ತದೆಂಬುದು ಅವರ ಲೆಕ್ಕ. ಈಗ ನರೆತಿರುವ ತಲೆಗೂದಲು ಕೆಂಪಗಿದ್ದ ಕಾಲದಿಂದ ಪ್ರತಿ ಡಿಸೆಂಬರಿನಲ್ಲೂ ಒಳಗೆ ತೂರಿ ಕಾದಿದ್ದಾರೆ. ಸೂರ್ಯ ಒಮ್ಮೆಯೂ ಮುಖ ತೋರಿಸಿಲ್ಲ. ಆದರೂ ಹುಮ್ಮಸ್ಸು ಕುಗ್ಗಿಲ್ಲ: ನೋನಿಯ ಟೀ ಕೆಟಲಿನ ಮೂತಿಯನ್ನು ಸೂರ್ಯೋದಯದ ದಿಕ್ಕಿಗೆ ತಿರುಗಿಸಿಡುತ್ತಾರೆ, ಪಬ್ಬಿನ ಬಾಗಿಲಿಗೂ ದಿಕ್ಸೂಚಿ ಹಿಡಿಯುತ್ತಾರೆ, ಅಡ್ಡ ನಿಂತ ಕುರಿಗಳಿಗೆ "ಸ್ವಲ್ಪ ಜರುಗ್ರಮ್ಮಾ" ಎನ್ನುತ್ತಾರೆ. "ಏನ್ ಮೇಷ್ಟ್ರೇ, ಈ ಸಲಾನೂ ಮೋಡಾನೇ ನೋಡಿದ್ರಾ?" ಎಂದು ಪಬ್ಬಿನವರು ಕೆಣಕಿದರೆ, "ಆ ಗೋರಿ ಕಟ್ಟಿದವರೂ ಮೋಡಾನೇ ನೋಡಿರ್ತಾರೆ ಕಣ್ರಯ್ಯಾ, ಇದು ಐರ್ಲೆಂಡು! ಆದ್ರೂ ಮಾರನೇ ವರ್ಷ ಬಂದಿರ್ತಾರೆ" ಎನ್ನುತ್ತಾರೆ. ಹೋದ ಡಿಸೆಂಬರಿನಲ್ಲಿ ಮಾತ್ರ ಆಕಾಶ ತೊಳೆದಿಟ್ಟಂತಿತ್ತು. ಗೋರಿಯೊಳಗೆ ಒಬ್ಬರಿಗಷ್ಟೇ ಜಾಗ. ಎಂದಿನಂತೆ ಬಿಸಿ ಟೀ ಹಿಡಿದು ಬಂದಿದ್ದ ನೋನಿಯನ್ನು ಮೇಷ್ಟ್ರು ಒಳಕ್ಕೆ ದಬ್ಬಿದರು: "ನೀನು ಹೋಗಮ್ಮಾ. ನಾನು ಲೆಕ್ಕದಲ್ಲಿ ಎಷ್ಟೋ ಸಲ ನೋಡಿದ್ದೀನಿ." ಅವಳು ಹೊರಬಂದಾಗ ಅವರು ಆ ನೀಲಿ ಆಕಾಶದಡಿ ಅಭ್ಯಾಸಬಲದಿಂದ ಕೊಡೆ ಬಿಚ್ಚಿ ನಿಂತಿದ್ದರು. "ಬಿಸಿಲು ಹಿಂದಿನ ಗೋಡೆ ಮುಟ್ತಾ?" "ಅಯ್ಯೋ, ನೋಡ್ಲೇ ಇಲ್ಲ ಮೇಷ್ಟ್ರೇ. ಆ ಗೋಡೆಗೇ ಒರಗಿ ಕೂತಿದ್ನಲ್ಲ, ನನ್ನ ಮುಖಕ್ಕೇ ಬಿತ್ತು. ಬೆಚ್ಚಗಿತ್ತು." ಮೇಷ್ಟ್ರು ಕೊಡೆ ಮಡಚಿದರು, ದಿಕ್ಕು, ಕೋನ ಯಾವುದನ್ನೂ ಕೇಳಲಿಲ್ಲ. "ಬೆಚ್ಚಗಿತ್ತಾ?" ಎಂದರು. "ಇನ್ನೊಂದ್ಸಲ ಹೇಳಮ್ಮಾ."