ಮೂಸಿ ನೋಡದ ಬಾಣ

ಇದನ್ನು ಬರೆಯಬೇಕೆಂದು ಮೂರು ಸಲ ಕೂತಿದ್ದೇನೆ. ಮೂರು ಸಲವೂ ಬೇರೇನೋ ಬರೆದು ಎದ್ದಿದ್ದೇನೆ. ಈಗ ನನಗೆ ಎಪ್ಪತ್ತೊಂದು. ಇನ್ನೂ ಮುಂದೂಡಿದರೆ ಹೇಳದೆಯೇ ಹೋಗಿಬಿಡುತ್ತೇನೆ.

2018ರಲ್ಲಿ ನಾನು ಡೆಟ್ರಾಯಿಟ್ ಹೊರವಲಯದ ಒಂದು ದೊಡ್ಡ ಸಬ್‌ಡಿವಿಷನ್ನಿನಲ್ಲಿ, ಅಂದರೆ ವಸತಿ ಬಡಾವಣೆಯಲ್ಲಿ, ಮೇಂಟೆನೆನ್ಸ್ ಮೇಲ್ವಿಚಾರಕನಾಗಿದ್ದೆ. ನಾನು ಓದಿದ್ದು ಗದಗಿನಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ಸೌತ್‌ಫೀಲ್ಡಿನಲ್ಲಿದ್ದ ಅಕ್ಕ ಕರೆಸಿಕೊಂಡಿದ್ದಳು. ಹಿಮ ತೆಗೆಸುವುದು, ಪಂಪು ರಿಪೇರಿ, ಒಣಮರ ಕಡಿಸುವುದು ನನ್ನ ಕೆಲಸ. ಮನೆಗಳ ಹಿಂದೆ ನಲವತ್ತು ಎಕರೆ ಕಾಡಿತ್ತು. ಜಿಂಕೆಗಳು ಹೆಚ್ಚಾಗಿ ಕಾರುಗಳಿಗೆ ಅಡ್ಡ ಬರತೊಡಗಿದಾಗ ನಿವಾಸಿಗಳ ಕಮಿಟಿ ಆರು ಮಂದಿ ಬೇಟೆಗಾರರಿಗೆ ಅನುಮತಿ ಕೊಟ್ಟಿತು. ಮನೆಗಳು ಹತ್ತಿರವಿದ್ದುದರಿಂದ ಬಂದೂಕು ಬೇಡ, ಬಿಲ್ಲುಬಾಣ ಮಾತ್ರ ಎಂದಾಯಿತು.

ಬಾಣ ಬಿಟ್ಟ ಕೂಡಲೇ ನನಗೆ ಫೋನ್ ಮಾಡಬೇಕು ಎಂಬುದು ನಿಯಮ. ನಾನು ಹೋಗಿ ಬಾಣವನ್ನು ಪರೀಕ್ಷಿಸಿ ತಾಗಿದೆಯೋ ತಪ್ಪಿದೆಯೋ ಎಂದು ಫಾರ್ಮಿನಲ್ಲಿ ಬರೆಯಬೇಕು. ತಾಗಿದೆ ಎಂದು ಬರೆದರೆ ಮಾತ್ರ ಪಕ್ಕದ ಜಮೀನಿನವನು ಬೇಲಿ ದಾಟಿ ಹುಡುಕಲು ಬಿಡುತ್ತಿದ್ದ. ಇದಕ್ಕಾಗಿ ನನಗೆ ಎರಡು ದಿನ ತರಬೇತಿ ಕೊಟ್ಟಿದ್ದರು. ಬಾಣದ ಮೇಲೆ ಗುಲಾಬಿ ನೊರೆಯಿದ್ದರೆ ಶ್ವಾಸಕೋಶಕ್ಕೆ ತಾಗಿದೆ. ಕಡುಗೆಂಪು ರಕ್ತವಾದರೆ ಲಿವರ್. ಹೊಟ್ಟೆಗೆ ತಾಗಿದರೆ ನೆಲದ ಮೇಲೆ ಎಷ್ಟೋ ಸಲ ಒಂದು ಹನಿಯೂ ಬೀಳುವುದಿಲ್ಲ. ಬಾಣಕ್ಕೆ ಹಸಿರುಗಂದು ಲೋಳೆ ಅಂಟಿರುತ್ತದೆ. ಅದು ಕೆಸರೋ ಕರುಳಿನದೋ ಎಂದು ಕಣ್ಣಿಗೆ ತಿಳಿಯದು. ಮೂಸಿ ನೋಡಬೇಕು. ಹಾಗೆ ಗಾಯವಾದ ಜಿಂಕೆ ಹತ್ತಿರದಲ್ಲೇ ಮಲಗುತ್ತದೆ. ಎಂಟು ಗಂಟೆ ಬಿಟ್ಟು ಹೋದರೆ ಸಿಗುತ್ತದೆ; ಅವಸರಪಟ್ಟರೆ ಎದ್ದು ಮೈಲಿಗಟ್ಟಲೆ ಓಡುತ್ತದೆ.

ನವೆಂಬರ್ ಎರಡನೇ ವಾರ, ಕಾರ್ತೀಕ ಸೋಮವಾರ. ಚಿಕ್ಕಂದಿನಿಂದಲೂ ಆ ಸೋಮವಾರಗಳಲ್ಲಿ ಸಂಜೆಯ ಪೂಜೆಯವರೆಗೆ ನನ್ನದು ಉಪವಾಸ. ಬೆಳಿಗ್ಗೆ ಎಂಟಕ್ಕೆ ಒಬ್ಬ ಬೇಟೆಗಾರ್ತಿಯ ಫೋನ್ ಬಂತು. ಅರವತ್ತು ದಾಟಿದ ಹೆಂಗಸು, ಕಾರ್ ಪ್ಲಾಂಟಿನಿಂದ ನಿವೃತ್ತಳಾದವಳು. ಹೊರಗೆ ಮೂವತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟಲು ಸ್ವಲ್ಪವೇ ಬಾಕಿ.

ನಾನು ಅನುಮಾನವನ್ನು ಹೊತ್ತುಕೊಂಡೇ ಹೋದೆ. ಹಿಂದಿನ ವರ್ಷ ಒಬ್ಬ, ಬಾಣ ತಾಗಿದೆ ಎಂದು ಸುಳ್ಳು ಹೇಳಿ ಬೇಲಿಯಾಚೆ ಹೋಗಿ ಬೇಟೆಯಾಡಿದ್ದ. ಈಕೆ ಬೇಲಿಯಾಚೆಯ ದೊಡ್ಡ ಕೊಂಬಿನ ಗಂಡು ಜಿಂಕೆಯ ಬಗ್ಗೆ ಆ ತಿಂಗಳು ಎರಡು ಸಲ ವಿಚಾರಿಸಿದ್ದಳು. ಅಂದು ಆಕೆಯ ಪಿಕಪ್ ಗೇಟಿನ ಹತ್ತಿರ ಇರಲಿಲ್ಲ, ಬೇಲಿಯ ಪಕ್ಕದಲ್ಲೇ ನಿಂತಿತ್ತು. ಗೇಟಿನ ಬಳಿ ಮರದ ದಿಮ್ಮಿಗಳನ್ನು ಹಾಕಿಸಿ ಜಾಗ ಮುಚ್ಚಿದವನು ನಾನೇ ಎಂಬುದು ಆಗ ನೆನಪಿಗೇ ಬರಲಿಲ್ಲ.

"ಹೆಣ್ಣು ಜಿಂಕೆ, ಇಪ್ಪತ್ತೆರಡು ಗಜ ದೂರ," ಎಂದಳು. "ಬಾಣ ಬಿಡೋವಾಗ ಒಂದು ಹೆಜ್ಜೆ ಮುಂದೆ ಹೋಯ್ತು. ಹೊಟ್ಟೆಗೆ ತಾಗಿದೆ. ಬೇಲಿ ಹಾರಿ ಆಚೆ ಹೋಯ್ತು. ತಪ್ಪು ನಂದೇ."

"ನೆಲದ ಮೇಲೆ ಒಂದು ಹನಿ ರಕ್ತ ಇಲ್ವಲ್ಲ?"

"ಇರಲ್ಲ ರಾಜ್, ನಿಂಗೆ ಗೊತ್ತಿದೆ. ಮೂಸಿ ನೋಡು."

ಬಾಣವನ್ನು ಪ್ಲಾಸ್ಟಿಕ್ ಚೀಲದಿಂದ ಹಿಡಿದು ತೋಳು ಚಾಚಿ ದೂರದಿಂದಲೇ ನೋಡಿದೆ. ಅರ್ಧ ಉದ್ದಕ್ಕೆ ಕಂದು ಬಣ್ಣ ಮೆತ್ತಿತ್ತು. ಉಪವಾಸದ ದಿನ ಅದನ್ನು ಮೂಗಿನ ಹತ್ತಿರ ತರಲು ಮನಸ್ಸಾಗಲಿಲ್ಲ.

"ನೆಗಡಿಯಾಗಿದೆ," ಎಂದೆ. ಸುಳ್ಳು.

"ಹಾಗಾದ್ರೆ ನನ್ನ ಮೂಗು ನಂಬು. ಮೂವತ್ತು ವರ್ಷ ಪ್ಲಾಂಟಿನ ಪೇಂಟ್ ಕುಡಿದಿದೆ, ಆದ್ರೂ ಸತ್ತಿಲ್ಲ."

"ಬೇಲಿಯಾಚೆ ದೊಡ್ಡ ಕೊಂಬಿಂದು ಇದೆ ಅಂತಾನೂ ಅದೇ ಮೂಗು ಹೇಳ್ತಾ?"

ಆಕೆಯ ನಗು ನಿಂತಿತು. ಬಿಲ್ಲನ್ನು ನನ್ನ ಮುಂದೆ ನೀಡಿದಳು. "ಇದನ್ನ ನೀನೇ ಇಟ್ಕೋ. ಸಂಜೆ ನಾಲ್ಕಕ್ಕೆ ಬರಿಗೈಲಿ ಹೋಗಿ ಹುಡುಕ್ತೀನಿ. ಬೇಕಿದ್ರೆ ನೀನೂ ಬಾ."

ಅಷ್ಟಕ್ಕೆ ಅನುಮಾನ ಸಾಯಬೇಕಿತ್ತು. ಪಿಕಪ್ಪಿನಲ್ಲಿ ಇನ್ನೊಂದು ಬಿಲ್ಲಿರಬಹುದು ಎಂದುಕೊಂಡೆ. ತಪ್ಪಿದೆ ಎಂದು ಬರೆದೆ. ಯಾವ ಆಧಾರದಿಂದ ಎಂಬ ಕಡೆ ನಾಲ್ಕು ಚೌಕಗಳಿದ್ದವು: ರಕ್ತ, ಕೂದಲು, ವಾಸನೆ, ಬೇಟೆಗಾರರ ಹೇಳಿಕೆ. ಮೊದಲ ಮೂರನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ನಾಲ್ಕನೆಯದಕ್ಕೆ ಗುರುತು ಹಾಕಿ, ಬೇಲಿ ದಾಟುವಂತಿಲ್ಲ ಎಂದು ಆಕೆಗೆ ಹೇಳಿ, ಸ್ನಾನಕ್ಕೆಂದು ಮನೆಗೆ ಹೊರಟೆ.

ಗುರುವಾರ ಪಕ್ಕದ ಜಮೀನಿನವನು ಕರೆದ. ಬೇಲಿಯಿಂದ ನೂರೈವತ್ತು ಗಜದೊಳಗೆ ಹೆಣ್ಣು ಜಿಂಕೆ ಸತ್ತು ಬಿದ್ದಿತ್ತು. ಹೊಟ್ಟೆಯಲ್ಲಿ ತೂತು. ಕಾಲು ಆಡುವಷ್ಟು ದೂರ ಸುತ್ತಲಿನ ಎಲೆಗಳೆಲ್ಲ ಕೆದರಿ ಮಣ್ಣು ಕಾಣುತ್ತಿತ್ತು. ಅದು ಬೇಗ ಸತ್ತಿರಲಿಲ್ಲ.

ಶನಿವಾರ ಕಮಿಟಿ ಸೇರಿತು. ಅಧ್ಯಕ್ಷರು ಶ್ರೀಧರ್, ಮೈಸೂರಿನ ಎಂಜಿನಿಯರ್. ಬೇಟೆಗಾರ್ತಿ ನನ್ನ ಎದುರಿಗೇ ಕೂತಿದ್ದಳು. ಹೊಟ್ಟೆಗೆ ತಾಗಿದೆ ಅಂತ ಅವತ್ತೇ ಹೇಳಿದ್ದೆ ಎಂದಳು. ಶ್ರೀಧರ್ ಫಾರ್ಮ್ ತಿರುವಿ ನೋಡಿ ನನ್ನ ಕಡೆ ಬಾಗಿ ಕನ್ನಡದಲ್ಲಿ ಕೇಳಿದರು. "ಬಸವರಾಜ್ ಅವ್ರೇ, ಬಾಣ ತಪ್ಪಿದೆ ಅಂತ ಆಯಮ್ಮಾನೇ ಹೇಳಿದ್ದು ತಾನೆ? ಇಲ್ಲಿ ನೀವು ಹಾಗೇ ಹಾಕಿದೀರಲ್ಲ."

ಆಕೆಗೆ ಕನ್ನಡ ಬಾರದು. ನನ್ನ ತುಟಿಗಳನ್ನೇ ನೋಡುತ್ತಿದ್ದಳು.

"ಹೌದ್ರಿ ಸರ. ಹಂಗ ಹೇಳಿದ್ರು," ಎಂದೆ.

ಇಂಗ್ಲಿಷಿನಲ್ಲಾಗಿದ್ದರೆ ಆಕೆಯ ಮುಖ ನೋಡಿ ಆ ಮಾತು ಹೇಳುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ನನ್ನ ತಾಯಿ ಕಲಿಸಿದ ಭಾಷೆಯ ಹಿಂದೆ ಅವಿತು ಹೇಳಿದೆ.

"ರಾಜ್, ಈಗ ಏನಂದೆ?" ಎಂದು ಕೇಳಿದಳು. ನಾನು ಮೇಜು ನೋಡಿದೆ. ಶ್ರೀಧರ್ ಇಂಗ್ಲಿಷಿನಲ್ಲಿ ತಿಳಿಸಿದರು.

"ಓ. ಅವನಿಗೆ ಅವತ್ತು ನೆಗಡಿ ಬೇರೆ ಇತ್ತು, ಪಾಪ," ಎಂದು ಪಿಕಪ್ಪಿನ ಕೀ ತೆಗೆದುಕೊಂಡು ಎದ್ದು ಹೋದಳು.

ಗಾಯಗೊಂಡ ಪ್ರಾಣಿಯನ್ನು ಮುಚ್ಚಿಟ್ಟಳೆಂದು ಆಕೆಯ ಅನುಮತಿ ರದ್ದಾಯಿತು. ಸ್ಟರ್ಲಿಂಗ್ ಹೈಟ್ಸಿನ ಒಂದು ಕ್ಲಬ್ಬಿನಲ್ಲಿ ಆಕೆ ಹೆಣ್ಣುಮಕ್ಕಳಿಗೆ ಬಿಲ್ವಿದ್ಯೆ ಕಲಿಸುತ್ತಿದ್ದಳು. ಕಮಿಟಿಯ ಪತ್ರ ಅಲ್ಲಿಗೂ ಹೋಯಿತು, ಆ ತರಗತಿಯೂ ಆಕೆಯ ಕೈತಪ್ಪಿತು. ಇದು ನನಗೆ ಆ ಚಳಿಗಾಲದಲ್ಲೇ ತಿಳಿಯಿತು. ಒಂದು ಫೋನ್ ಸಾಕಿತ್ತು. ಮಾಡಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಮಾಡಲಿಲ್ಲ. ಎರಡು ವರ್ಷದ ನಂತರ ಹಾರ ಹಾಕಿಸಿಕೊಂಡು ನಿವೃತ್ತನಾದೆ. ಒಮ್ಮೆ ಹಾರ್ಡ್‌ವೇರ್ ಅಂಗಡಿಯಲ್ಲಿ ಆಕೆ ಕಂಡಳು. ನಾನು ಹಿಮ ಕರಗಿಸುವ ಉಪ್ಪಿನ ಮೂಟೆಗಳ ಸಾಲಿನ ಹಿಂದೆ ಸರಿದು, ಆಕೆ ಹೋಗುವ ತನಕ ಯಾವುದೋ ಚೀಟಿ ಓದುತ್ತ ನಿಂತೆ.

ಕೆಲಸ ನನಗೆ ಕಲಿಸಿದ್ದು ಇಷ್ಟು: ನನ್ನನ್ನು ನೇಮಿಸಿದ್ದು ಬಾಣ ಪರೀಕ್ಷಿಸಲು, ನಾನು ಪರೀಕ್ಷಿಸಿದ್ದು ಬಾಣ ಬಿಟ್ಟವಳನ್ನು. ಅನುಮಾನ ಇದ್ದವನು ಇನ್ನೂ ಹತ್ತಿರ ಹೋಗಿ ನೋಡಬೇಕು. ನಾನು ದೂರ ನಿಂತೆ. ರಕ್ತ ಮುಟ್ಟಿದ ಮೈಲಿಗೆ ಒಂದು ಚೊಂಬು ನೀರಿಗೆ ಹೋಗುತ್ತಿತ್ತು.

ಆಕೆ ಹೇಳಿದ್ದು ನಿಜ, ನಾನು ಬರೆದದ್ದು ಸುಳ್ಳು. ಆಕೆಯ ಹೆಸರು ಲೊರೇನ್.