ಅವ್ವನ ಗಡ್ಡಿ, ಅವ್ವನ ಹಸಿರು ಸೀರೆ

ಅವ್ವನ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾದಾಗ ತಾವರಗೇರಾದ ನಮ್ಮ ಓಣಿಯಲ್ಲಿ ಅರ್ಧ ಜನ ಅತ್ತರು, ಇನ್ನರ್ಧ ಜನಕ್ಕೆ ಸೀರೆ ಸಿಕ್ಕಿತು. ಈಗ ನೆನೆದರೆ ನಗು ತಡೆಯಲಾಗುವುದಿಲ್ಲ. ಆಗ ಮಾತ್ರ ನಾನೂ ಅತ್ತವರಲ್ಲೊಬ್ಬಳು.

ಅವ್ವ ತಿಂಗಳುಗಟ್ಟಲೆ ಸುಸ್ತು, ಸುಸ್ತು ಎನ್ನುತ್ತಿದ್ದಳು. ಕೊಪ್ಪಳದಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, "ಜಠರದ ಗ್ವಾಡ್ಯಾಗ ಒಂದು ಗಡ್ಡಿ ಐತ್ರಿ," ಎಂದರು. ನಮ್ಮ ಕಡೆ ಗಡ್ಡಿ ಎಂದರೆ ಮೊದಲು ನೆನಪಾಗುವುದು ಉಳ್ಳಾಗಡ್ಡಿ, ಅಂದರೆ ಈರುಳ್ಳಿ.

"ದಿನಾ ಉಳ್ಳಾಗಡ್ಡಿ ತಿಂತೀನಿ, ಒಂದು ಅಲ್ಲೇ ಬೇರು ಬಿಟ್ಟಿರಬೇಕು ಬಿಡ್ರಿ," ಎಂದಳು ಅವ್ವ.

ಡಾಕ್ಟರು ನಗಲಿಲ್ಲ. ಗಡ್ಡೆಯ ಸುತ್ತಲಿನ ಸಣ್ಣ ಗಂಟುಗಳೂ ಊದಿವೆ, ಕ್ಯಾನ್ಸರ್ ಹರಡಿರಲೂಬಹುದು, ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆಯೇ ತಿಳಿಯುವುದು ಎಂದರು.

"ಕಾಲಿಗೆ ಜಾಲಿಮುಳ್ಳು ನಟ್ರ ತೊಡಿಸಂದ್ಯಾಗ ಗಂಟು ಕಟ್ಟತೈತಲ್ರಿ, ಮುಳ್ಳು ತಗದ್ರ ಇಳೀತೈತಿ. ಇದೂ ಹಂಗ ಇರಬಾರದೇನ್ರಿ?" ಎಂದು ಅವ್ವ ಕೇಳಿದಳು.

ಗಂಗಾವತಿಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ನಾನು ನಾಚಿಕೆಯಿಂದ ಅವಳ ಮೊಣಕೈ ತಿವಿದೆ. "ಹಂಗೂ ಇರಬಹುದ್ರಿ ಅಮ್ಮಾ," ಎಂದರು ಡಾಕ್ಟರು. ಬರೀ ಸಮಾಧಾನಕ್ಕೆ ಹೇಳಿದ್ದೆಂದುಕೊಂಡೆ.

ಅಲ್ಲಿ ಅಷ್ಟು ಧೈರ್ಯದಿಂದ ಮಾತಾಡಿದವಳು ಮನೆಗೆ ಬಂದವಳೇ ಟ್ರಂಕು ತೆಗೆದಳು. ಮಾತಾಡಿಸಲು ಬಂದ ಹೆಂಗಸರಿಗೆಲ್ಲ ಕುಂಕುಮ ಹಚ್ಚಿ, ನನ್ನ ನೆನಪಿಗೆ ಉಡ್ರಿ ಎಂದು ಒಂದೊಂದು ಇಳಕಲ್ ಸೀರೆ ಕೊಟ್ಟಳು. ಮನೆಯಲ್ಲೇ ಇರುವ ಕಾಕಿಗೆ, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿಗೆ, ತನ್ನ ಮೆಚ್ಚಿನ ಕೆಂಪು ಅಂಚಿನದು. ಕೊನೆಗೆ ಉಳಿದದ್ದು ಗಳಿಗೆ ಮುರಿಯದ, ಒಮ್ಮೆಯೂ ಮಡಿಕೆ ಬಿಚ್ಚಿ ಉಡದ ಹಸಿರು ಸೀರೆ.

"ಇದು ನನಗ. ಕಡೀಕ ಹೊತ್ಕೊಂಡು ಹೋಗೂ ಮುಂದ ನೀನ ಉಡಿಸು," ಎಂದಳು.

ನಾನು ಸಿಟ್ಟಿಗೆದ್ದು ಬೈದೆ. ಆಮೇಲೆ ಹಿತ್ತಲಿಗೆ ಹೋಗಿ ಅತ್ತೆ.

ಆಪರೇಷನ್ ಆಗಿ ಎರಡು ವಾರಕ್ಕೆ ವರದಿ ಬಂತು. ಡಾಕ್ಟರು ಈ ಸಲ ನಗುತ್ತಲೇ ಕರೆದರು. "ನರದ ಮ್ಯಾಲಿನ ಪೊರಿಯಿಂದ ಹುಟ್ಟಿದ ಸಾದಾ ಗಡ್ಡಿರಿ. ಕ್ಯಾನ್ಸರ್ ಅಲ್ಲ. ಗಂಟಿನ್ಯಾಗೂ ಏನಿಲ್ಲ, ಗಡ್ಡಿ ಬಾಜೂಕ ಇದ್ದದ್ದಕ್ಕ ಊದಿದ್ವು. ಅಮ್ಮಾ, ನಿಮ್ಮ ಮುಳ್ಳಿನ ಮಾತು ಖರೆ ಆತು."

ನನಗೆ ಕಾಲು ನೆಲಕ್ಕೆ ನಿಲ್ಲಲಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದು ಕೇಳಿದಾಗ, "ಸಾದಾ ಗಡ್ಡಿ," ಎಂದುಬಿಟ್ಟೆ.

"ಅದು ಕುಷ್ಟಗಿ ದಾಟಿದ ಮ್ಯಾಲೆ ಬರತೈತೇನ್ರಿ?" ಎಂದು ಅವರು ಗಂಭೀರವಾಗಿ ಕೇಳಿದರು. ಅವ್ವ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, ನಗಿಸಬೇಡ ಎಂದು ನನ್ನನ್ನು ಬೇಡಿಕೊಂಡಳು.

ಮನೆಗೆ ಬಂದಾಗ ಕಾಕಿ ಕೆಂಪು ಅಂಚಿನ ಸೀರೆಯಲ್ಲೇ ಬಾಗಿಲಲ್ಲಿ ನಿಂತಿದ್ದಳು. ಅವ್ವನನ್ನು ಕಂಡವಳೇ ಸೀರೆ ಬದಲಿಸಲು ಒಳಗೆ ಓಡಿದಳು.

"ಯಾಕವ್ವಾ, ನಾ ಸಾಯಲಿಲ್ಲಂತ ಸಿಟ್ಟು ಬಂತೇನು? ಕೊಟ್ಟದ್ದು ಕೊಟ್ಟೇನಿ, ಉಟ್ಕೊ," ಎಂದು ಅವ್ವ ಕೂಗಿದಳು. ಓಣಿಯೆಲ್ಲ ನಕ್ಕಿತು.

ಮರುದಿನ ಬೆಳಿಗ್ಗೆ ಅವ್ವ ಹನುಮಪ್ಪನ ಗುಡಿಗೆ ಹೊರಟಳು. ಉಡಲು ನೆಟ್ಟಗಿನ ಸೀರೆ ಒಂದೂ ಇರಲಿಲ್ಲ, ಆ ಹಸಿರಿನದನ್ನು ಬಿಟ್ಟು. ಅವಳು ಗಳಿಗೆ ಮುರಿದು ಸೊಂಟಕ್ಕೆ ಸುತ್ತಿಕೊಂಡಳು. ಹೊಲಿಗೆಯ ನೋವಿಗೆ ಬಗ್ಗಲಾಗಲಿಲ್ಲ.

"ಉಡಿಸು ಅಂದಿದ್ನಲ್ಲ, ನೆರಿಗಿ ಹಿಡಿ ಬಾ," ಎಂದಳು.

ನಾನು ಅವಳ ಕಾಲ ಬಳಿ ಕುಳಿತು, ನಗುತ್ತ, ಮೂಗು ಒರೆಸಿಕೊಳ್ಳುತ್ತ ನೆರಿಗೆ ಹಿಡಿದೆ.